ವಾಟರ್‌ಲೂ ಕದನದ ಪುನರಭಿನಯ : ಒಂದು ಪರಿಶೀಲನೆ

ಕದನವೊಂದು ನಡೆದ ನೆಲದ ಮೇಲೆಯೇ ಅದನ್ನು ಮತ್ತೆ ಆಡಿ ತೋರಿಸುವ ಪದ್ಧತಿಯು ಯೂರೋಪಿನಲ್ಲಿ ಚೆನ್ನಾಗಿ ಬೇರೂರಿದೆ. ಇದನ್ನು ಕೇವಲ ವೇಷಗಾರಿಕೆಯೆಂದು ತಳ್ಳಿಹಾಕುವ ವಿದ್ವಾಂಸರುಂಟು. ಗ್ರಂಥಗಳಲ್ಲಿ ದೊರೆಯದ ತಿಳಿವಳಿಕೆ ಇಲ್ಲಿ ದೊರೆಯುವುದೆಂದು ವಾದಿಸುವವರೂ ಉಂಟು. ವಾಟರ್‌ಲೂ ಕದನದ ದ್ವಿಶತಮಾನೋತ್ಸವದ ಅಂಗವಾಗಿ ೨೦೧೫ರ ಜೂನ್ ೧೯ ಮತ್ತು ೨೦ರಂದು ಬೆಲ್ಜಿಯಂ ದೇಶದಲ್ಲಿ ಜರುಗಿದ ಪುನರಭಿನಯವನ್ನು ನಾವು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ನೋಡಿದ್ದೆವು. ಆಗ ಕಂಡುದನ್ನೂ ಅನಂತರ ಓದಿದುದನ್ನೂ ಎದುರುಬದುರಾಗಿಟ್ಟು, ಇಂಥ ಪ್ರದರ್ಶನವು ಇತಿಹಾಸದ ಅಭ್ಯಾಸಿಗೆ ಎಷ್ಟರಮಟ್ಟಿಗೆ ನೆರವಾದೀತೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಕದನದ ವೃತ್ತಾಂತ ಸುಪರಿಚಿತವಾದುದು. ೧೮೧೫ರ ಜೂನ್ ೧೮, ಭಾನುವಾರ. ನೆಪೋಲಿಯನ್ನನ ಕಡೆ ಸುಮಾರು ೭೩,೦೦೦ ಸೈನಿಕರು; ವೆಲಿಂಗ್ಟನ್ನನ ಕಡೆ ಬ್ರಿಟಿಷರು, ಡಚ್ಚರು, ಬೆಲ್ಜಿಯನ್ನರು, ಜರ್ಮನರು ಸೇರಿ ಸುಮಾರು ೬೮,೦೦೦; ಇಳಿಹೊತ್ತಿನಲ್ಲಿ ಬ್ಲೂಖರನ ನೇತೃತ್ವದಲ್ಲಿ ಬಂದು ಕೂಡಿಕೊಂಡ ಪ್ರಷ್ಯದ ಸೈನ್ಯ ಸುಮಾರು ೫೦,೦೦೦. ಕತ್ತಲಾಗುವಷ್ಟರಲ್ಲಿ ಸತ್ತವರೂ ಗಾಯಗೊಂಡವರೂ ನಲವತ್ತು ಸಾವಿರಕ್ಕೆ ಕಡಮೆಯಿಲ್ಲ.

ಇಷ್ಟು ಜನ ಹೊಡೆದಾಡಿದ ಕಣದಲ್ಲಿ ೨೦೧೫ರಲ್ಲಿ ನಿಂತವರು ಐದು ಸಾವಿರದಷ್ಟು ವೇಷಧಾರಿಗಳು. ಕುದುರೆಗಳು ಸುಮಾರು ಮುನ್ನೂರು, ಫಿರಂಗಿಗಳು ನೂರು. ಮೊದಲ ದಿನ ಫ್ರೆಂಚರ ಆಕ್ರಮಣ, ಮರುದಿನ ಮಿತ್ರಪಕ್ಷದ ಪ್ರತ್ಯಾಕ್ರಮಣ ಎಂದು ಕದನವನ್ನು ಎರಡು ಸಂಜೆಗಳಿಗೆ ಹಂಚಲಾಗಿತ್ತು. ನೆಪೋಲಿಯನ್ನನ ಪಾತ್ರ ವಹಿಸಿದ್ದವರು ಪ್ಯಾರಿಸ್ಸಿನ ಒಬ್ಬ ವಕೀಲರು. ವೇಷಧಾರಿಗಳ ಶ್ರದ್ಧೆಯನ್ನು ಲಘುವಾಗಿ ಕಾಣುವುದು ಸಲ್ಲದು. ಅಂಗಿಯ ಗುಂಡಿಯಿಂದ ಹಿಡಿದು ತೋಟಾ ಕಚ್ಚಿ ಹರಿಯುವ ರೀತಿಯವರೆಗೆ ಅವರು ಮಾಡಿಕೊಂಡಿದ್ದ ವ್ಯಾಸಂಗವು ಎಷ್ಟೋ ಪ್ರೌಢಪ್ರಬಂಧಗಳನ್ನು ನಾಚಿಸುವಂತಿತ್ತು. ನಮ್ಮ ಬಯಲಾಟದ ಕಾಳಗದಲ್ಲಿ ಕುಣಿತವೇ ಯುದ್ಧ. ಇಲ್ಲಾದರೋ ಕುಣಿತಕ್ಕೆ ಎಡೆಯಿಲ್ಲ, ಕವಾಯಿತೇ ಎಲ್ಲ.

ಆದರೆ ನಾವು ಕಲಿತ ಮುಖ್ಯ ಪಾಠ ಉಡುಪಿನಿಂದ ಬಂದುದಲ್ಲ, ಹೊಗೆಯಿಂದ ಬಂದುದು. ಕರಿಮದ್ದಿನ ಫಿರಂಗಿಗಳು ನಾಲ್ಕಾರು ಸುತ್ತು ಹಾರುವಷ್ಟರಲ್ಲಿ ಬಿಳಿಯ ಹೊಗೆ ಬಯಲನ್ನೆಲ್ಲ ಕವಿಯಿತು. ಎತ್ತರದಲ್ಲಿ ಕುಳಿತು, ಮುಂದೇನಾಗುವುದೆಂಬುದನ್ನು ಮೊದಲೇ ಓದಿಕೊಂಡು ಬಂದಿದ್ದ ನಮಗೂ ಯಾವ ದಳ ಎತ್ತ ಸಾಗುತ್ತಿದೆಯೆಂಬುದು ತಿಳಿಯಲಿಲ್ಲ. ಧ್ವನಿವರ್ಧಕದ ವಿವರಣೆಯೇ ಗತಿಯಾಯಿತು. ಹಾಗಾದರೆ, ನಿಜವಾದ ಗುಂಡುಗಳ ನಡುವೆ, ಹಿಂದಿನ ರಾತ್ರಿಯೆಲ್ಲ ಸುರಿದ ಮಳೆಯ ಕೆಸರಿನಲ್ಲಿ ನಿಂತಿದ್ದ ಸಾಮಾನ್ಯ ಸಿಪಾಯಿಗೆ ಕಂಡುದೆಷ್ಟು? ಕದನ ಎಷ್ಟು ಗಂಟೆಗೆ ಮೊದಲಾಯಿತೆಂಬ ಸರಳ ಪ್ರಶ್ನೆಗೇ ಅದರಲ್ಲಿ ಭಾಗವಹಿಸಿದವರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ವೆಲಿಂಗ್ಟನ್ನನ ಅಧಿಕೃತ ವರದಿ ಹತ್ತು ಗಂಟೆಯೆಂದರೆ, ಹನ್ನೊಂದೂವರೆ ಎಂದವರುಂಟು, ಅದಕ್ಕೂ ತಡವಾಗಿ ಎಂದವರುಂಟು. ಇದನ್ನು ಸಾಕ್ಷಿಗಳ ಅಲಕ್ಷ್ಯವೆಂದು ಭಾವಿಸುವವರು ಒಮ್ಮೆ ಆ ಹೊಗೆಯನ್ನು ನೋಡಬೇಕು. ಕದನದ ಚರಿತ್ರೆ ಬರೆಯಹೊರಟವನಿಗೆ ವೆಲಿಂಗ್ಟನ್ನನು ಅದೇ ವರ್ಷ ಬರೆದ ಪತ್ರವೊಂದರಲ್ಲಿ, ಕದನದ ಇತಿಹಾಸವೂ ನೃತ್ಯಕೂಟದ ಇತಿಹಾಸವೂ ಒಂದೇ ಬಗೆ, ಬಿಡಿ ಸಂಗತಿಗಳು ನೆನಪಿದ್ದರೂ ಅವುಗಳ ಅನುಕ್ರಮ ಯಾರಿಗೂ ನೆನಪಿರದು ಎಂಬ ಅರ್ಥದ ಮಾತನ್ನಾಡಿದ್ದಾನೆ. ಆ ಮಾತು ಬರಿಯ ಚಮತ್ಕಾರವಲ್ಲವೆಂದು ನಮಗೆ ಮನವರಿಕೆಯಾದುದು ಅಲ್ಲಿ ಕುಳಿತಾಗಲೇ.

ನೆಲದ ವಿಷಯದಲ್ಲಿ ಪ್ರದರ್ಶನ ಅಷ್ಟು ಪ್ರಾಮಾಣಿಕವಾಗಿರಲಾರದು. ಅದು ವೇಷಧಾರಿಗಳ ದೋಷವಲ್ಲ. ಡಚ್ಚರ ರಾಜಕುಮಾರನು ಗಾಯಗೊಂಡ ಸ್ಥಳವನ್ನು ಗುರುತಿಸಲೆಂದು ಅವನ ತಂದೆ ಒಂದನೆಯ ವಿಲಿಯಮ್ ದೊರೆಯು ೧೮೨೦ ರಿಂದ ೧೮೨೬ರ ಒಳಗೆ ಅಲ್ಲಿ ನಲವತ್ತು ಮೀಟರಿನಷ್ಟು ಎತ್ತರದ ಮಣ್ಣಿನ ದಿಬ್ಬವನ್ನೆಬ್ಬಿಸಿ ಮೇಲೆ ಸಿಂಹವನ್ನು ನಿಲ್ಲಿಸಿದನು. ಅದಕ್ಕೆ ಬೇಕಾದ ಮಣ್ಣನ್ನು ತೆಗೆದುದು ವೆಲಿಂಗ್ಟನ್ನನು ತನ್ನ ಸೈನ್ಯವನ್ನು ಮರೆಮಾಡಿ ನಿಲ್ಲಿಸಿದ್ದ ಏಣಿನಿಂದಲೇ! ಕದನದ ಗೆಲವಿಗೆ ಕಾರಣವಾದ ನೆಲದ ಏರುತಗ್ಗನ್ನು ಅದರ ಸ್ಮಾರಕವೇ ಅಳಿಸಿತು. ತನ್ನ ರಣಭೂಮಿಯನ್ನು ಕೆಡಿಸಿಬಿಟ್ಟರೆಂದು ವೆಲಿಂಗ್ಟನ್ನನು ನುಡಿದನೆಂಬ ಪ್ರತೀತಿಯುಂಟು.

ಸ್ಮರಣೆಯು ನೆಲವನ್ನು ಮಾತ್ರವಲ್ಲ, ಎಣಿಕೆಯನ್ನೂ ತಿದ್ದಬಲ್ಲುದು. ವಿಲಿಯಮ್ ಸೈಬಾರ್ನನೆಂಬ ಬ್ರಿಟಿಷ್ ಅಧಿಕಾರಿ ೧೮೩೦ರ ಸುಮಾರಿಗೆ ಈ ರಣರಂಗದ ದೊಡ್ಡ ಪ್ರತಿಕೃತಿಯೊಂದನ್ನು ರಚಿಸತೊಡಗಿದನು. ರಣಭೂಮಿಯ ನಡುವಣ ತೋಟದಮನೆಯಲ್ಲಿ ಎಂಟು ತಿಂಗಳು ವಾಸವಿದ್ದು ನೆಲವನ್ನು ಅಳೆದನು. ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ಸಂಜೆ ಏಳರ ಹೊತ್ತಿಗೆ ಯಾರು ಎಲ್ಲಿದ್ದರೆಂದು ಕೇಳಿದನು. ಉತ್ತರಗಳನ್ನು ಕೂಡಿಸಿ ನೋಡಿದಾಗ ಪ್ರಷ್ಯದ ಸೈನ್ಯವು ಆ ವೇಳೆಗೆ ಪ್ಲಾನ್ಸೆನುವಾ ಗ್ರಾಮದ ಬಳಿ ಭಾರಿ ಸಂಖ್ಯೆಯಲ್ಲಿ ಹೋರಾಡುತ್ತಿದ್ದುದು ಸ್ಪಷ್ಟವಾಯಿತು. ಇದು ವೆಲಿಂಗ್ಟನ್ನನಿಗೆ ರುಚಿಸಲಿಲ್ಲ. ಸರ್ಕಾರದ ಹಣವೂ ನಿಂತುಹೋಗಿತ್ತು. ಪ್ರತಿಕೃತಿ ೧೮೩೮ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಸಾಲದಲ್ಲಿ ಮುಳುಗಿದ ಸೈಬಾರ್ನನು ಕಡೆಗೆ ಒತ್ತಡಕ್ಕೆ ಮಣಿದು ಪ್ರಷ್ಯದ ತವರದ ಗೊಂಬೆಗಳಲ್ಲಿ ಎಷ್ಟನ್ನೋ ತೆಗೆದುಹಾಕಿದನು. ಸಂಶೋಧಕನು ತಾನೇ ಶೋಧಿಸಿದುದನ್ನು ತನ್ನ ಕೈಯಾರೆ ಹೆಕ್ಕಿ ತೆಗೆಯಬೇಕಾಗಿ ಬಂದ ಇದಕ್ಕಿಂತ ಶೋಚನೀಯವಾದ ಉದಾಹರಣೆ ನಮಗೆ ತಿಳಿಯದು.

ಇನ್ನು ಸತ್ತವರ ಮಾತು. ಪುನರಭಿನಯ ಮುಗಿದೊಡನೆ ಬಿದ್ದಿದ್ದವರೆಲ್ಲ ಎದ್ದು, ಹುಲ್ಲು ಕೊಡವಿಕೊಂಡು, ಶತ್ರುಗಳ ಕೈಕುಲುಕಿದರು. ಪ್ರೇಕ್ಷಕರು ಕರತಾಡನ ಮಾಡಿದರು. ನಾವೂ ಮಾಡಿದೆವು. ಆ ನೆಲದಲ್ಲಿ ನಿಜವಾಗಿ ಸತ್ತ ಸಾವಿರಾರು ಜನರ ಅವಶೇಷಗಳಾದರೋ ಆಶ್ಚರ್ಯಪಡುವಷ್ಟು ವಿರಳ. ೨೦೧೨ರಲ್ಲಿ ದಿಬ್ಬದ ಸಮೀಪದಲ್ಲಿ ಒಂದು ಪೂರ್ಣ ಅಸ್ಥಿಪಂಜರ ದೊರೆಯಿತು. ೨೦೨೨ರಲ್ಲಿ ಯುದ್ಧದ ಚಿಕಿತ್ಸಾಲಯವಾಗಿದ್ದ ಮೋಂ-ಸ್ಯಾಂ-ಜಾನ್ ತೋಟದಲ್ಲಿ ಇನ್ನೊಂದು, ಅದರ ಹತ್ತಿರವೇ ವೈದ್ಯರು ಕತ್ತರಿಸಿದ ಕೈಕಾಲುಗಳ ಎಲುಬುಗಳೂ ಕುದುರೆಗಳ ಅಸ್ಥಿಗಳೂ. ಉಳಿದವರೆಲ್ಲಿ? ಹತ್ತೊಂಬತ್ತನೆಯ ಶತಮಾನದಲ್ಲಿ ಎಲುಬುಗಳನ್ನು ಅಗೆದು ತೆಗೆದು ಗೊಬ್ಬರಕ್ಕೆ ಪುಡಿಮಾಡಿದರೆಂದೂ, ಬೀಟ್ ಸಕ್ಕರೆಯನ್ನು ಶುದ್ಧಿಗೊಳಿಸುವ ಎಲುಬಿನ ಇದ್ದಲಿಗಾಗಿ ಕಾರ್ಖಾನೆಗಳಿಗೆ ಮಾರಿದರೆಂದೂ ೨೦೨೨ರಿಂದೀಚೆಗೆ ಸಂಶೋಧಕರು ದಾಖಲೆಗಳ ಬಲದಿಂದ ಪ್ರತಿಪಾದಿಸಿದ್ದಾರೆ. ಸಿಂಹಕ್ಕೆ ದಿಬ್ಬವಾಯಿತು, ಸಿಪಾಯಿಗೆ ಗುಂಡಿಯೂ ಸ್ಥಿರವಾಗಲಿಲ್ಲ.

ಸೋತವರ ದೃಷ್ಟಿಯನ್ನೂ ಹೇಳಬೇಕು. ದ್ವಿಶತಮಾನೋತ್ಸವಕ್ಕೆ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರು ಬರಲಿಲ್ಲ. ಬೆಲ್ಜಿಯಂ ಅಚ್ಚುಹಾಕಿಸಿದ ಎರಡು ಯೂರೋ ಸ್ಮಾರಕ ನಾಣ್ಯಕ್ಕೆ ಫ್ರಾನ್ಸ್ ಆಕ್ಷೇಪವೆತ್ತಿದ್ದರಿಂದ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಗ ಬೆಲ್ಜಿಯಂ ತನ್ನ ದೇಶದೊಳಗೆ ಮಾತ್ರ ಚಲಾವಣೆಯಾಗುವ ಎರಡೂವರೆ ಯೂರೋ ನಾಣ್ಯವನ್ನು ಹೊರಡಿಸಿತು. ಇನ್ನೂರು ವರ್ಷಗಳ ಹಿಂದಿನ ಸೋಲು ಇಂದಿನ ಜೇಬಿನಲ್ಲಿ ಚುಚ್ಚುವುದಾದರೆ, ಪುನರಭಿನಯವನ್ನು ಬರಿಯ ವಿನೋದವೆಂದು ಹೇಗೆ ಹೇಳುವುದು?

ಇದನ್ನು ನಾವು ದೂರದ ಕಥೆಯೆಂದು ಎಣಿಸುವಂತಿಲ್ಲ. ವೆಲಿಂಗ್ಟನ್ ಡ್ಯೂಕನಾಗುವ ಮೊದಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಮೇಲೆ ಲಗ್ಗೆ ನಡೆದಾಗ ಮೀಸಲು ದಳದ ನಾಯಕನಾಗಿದ್ದು, ಅನಂತರ ಪಟ್ಟಣದ ಅಧಿಪತಿಯಾದವನು. ಯುದ್ಧವನ್ನು ಪ್ರದರ್ಶನವಾಗಿಸುವ ಲಂಡನ್ನಿನ ವ್ಯಾಪಾರಕ್ಕೆ ವಾಟರ್‌ಲೂವಿಗಿಂತ ಮೊದಲೇ ಮೈಸೂರು ಸರಕಾಗಿತ್ತು. ಬೆಂಗಳೂರಿನ ಮುತ್ತಿಗೆಯನ್ನು ಆಸ್ಟ್ಲಿಯ ಕುದುರೆ ರಂಗಮಂದಿರವು ೧೭೯೨ರಲ್ಲೇ ಆಡಿತು. ಅದೇ ರಂಗಮಂದಿರ ೧೮೨೪ರಲ್ಲಿ ವಾಟರ್‌ಲೂ ಕದನವನ್ನಾಡಿತು. ಇವೆರಡರ ನಡುವೆ, ೧೮೦೦ರಲ್ಲಿ, ರಾಬರ್ಟ್ ಕೆರ್ ಪೋರ್ಟರನು ಶ್ರೀರಂಗಪಟ್ಟಣದ ಲಗ್ಗೆಯನ್ನು ನೂರು ಅಡಿಗೂ ಮೀರಿದ ಚಿತ್ರವಾಗಿ ಬರೆದು ಲಂಡನ್ನಿನ ಲೈಸಿಯಂ ಭವನದಲ್ಲಿ ಪ್ರೇಕ್ಷಕರ ಮುಂದಿಟ್ಟನು. ಅವನು ಕಾವೇರಿಯನ್ನು ಕಂಡವನಲ್ಲ. ನೋಡುವವರು ಗೆದ್ದವರಾದುದರಿಂದ ಅದು ಅಡ್ಡಿಯಾಗಲಿಲ್ಲ.

ಕೋಟೆಯ ಗೋಡೆ ಒಡೆದ ಜಾಗದ ಬಳಿ ಇಂದು ಒಂದು ಶಿಲಾಸ್ತಂಭವಿದೆ. ಅದನ್ನು ನಿಲ್ಲಿಸಿದುದು ೧೯೦೭ರಲ್ಲಿ ಮೈಸೂರು ಸರ್ಕಾರವೇ. ಮುತ್ತಿಗೆ ಹಾಕಿದ ಸೈನ್ಯದಲ್ಲಿ ಮಡಿದ ಅಧಿಕಾರಿಗಳ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರಲ್ಲಿ ಯಾರಾದರೊಬ್ಬರು ಕೋಟೆಯೊಳಗೆ ಸತ್ತವರ ಹೆಸರುಗಳು ಎಲ್ಲಿವೆಯೆಂದು ಕೇಳುತ್ತಾರೆ, ಕಂಬದ ಹಿಂಬದಿಗೂ ಹೋಗಿ ನೋಡುತ್ತಾರೆ.