ಮಾತಿಲ್ಲದ ‘ರಿಂಗ್’: ವಾಗ್ನರನ ನಾಟಕಚತುಷ್ಟಯದ ವಾದ್ಯಸಂಗೀತ

ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್ (1813–1883) ರಚಿಸಿದ ‘ಡೆರ್ ರಿಂಗ್ ಡೆಸ್ ನಿಬೆಲುಂಗೆನ್’ ಎಂಬ ಗೀತನಾಟಕ ಚತುಷ್ಟಯವು ಪೂರ್ಣರೂಪದಲ್ಲಿ ಮೊದಲ ಬಾರಿಗೆ ರಂಗವೇರಿದ್ದು 1876ರ ಆಗಸ್ಟ್ 13ರಿಂದ 17ರವರೆಗೆ, ಬವೇರಿಯದ ಬೈರಾಯ್ಟ್ ಪಟ್ಟಣದಲ್ಲಿ. ಆದರೆ ಅದರ ಕೆಲವು ಭಾಗಗಳನ್ನು ವಿಯೆನ್ನಾ ನಗರದ ರಸಿಕರು 1862ರ ಡಿಸೆಂಬರ್ 26ರಂದೇ ಕೇಳಿದ್ದರು. ಅಂದು ಅಲ್ಲಿನ ಒಂದು ರಂಗಮಂದಿರದಲ್ಲಿ ನಡೆದ ಕಛೇರಿಯಲ್ಲಿ, ಇಂದು ಜಗತ್ತಿಗೆಲ್ಲ ಪರಿಚಿತವಾಗಿರುವ ‘ವಾಲ್ಕಿರಿಗಳ ಸವಾರಿ’ ಮೊದಲ ಬಾರಿಗೆ ಮೊಳಗಿತು. ನಾಟಕ ಇನ್ನೂ ಮುಗಿದಿರಲಿಲ್ಲ. ಮೂರನೆಯ ಭಾಗದ ಎರಡನೆಯ ಅಂಕದ ಕೊನೆಯಲ್ಲಿ, 1857ರಲ್ಲಿ, ಲೇಖನಿ ಕೆಳಗಿಟ್ಟಿದ್ದ ವಾಗ್ನರ್ ಅದನ್ನು ಮತ್ತೆ ಗಂಭೀರವಾಗಿ ಕೈಗೆತ್ತಿಕೊಂಡದ್ದು 1869ರಲ್ಲಿ. ಸಾಲದ ಹೊರೆ ಮಾತ್ರ ಕಾಯುವಂತಿರಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಮಾತು, ಸಂಗೀತ, ಅಭಿನಯ, ದೃಶ್ಯಗಳು ಒಂದರಿಂದ ಒಂದನ್ನು ಬೇರ್ಪಡಿಸಲಾಗದಂತೆ ಬೆಸೆದುಕೊಳ್ಳಬೇಕೆಂದು 1851ರಲ್ಲಿ ‘ಒಪೆರಾ ಮತ್ತು ನಾಟಕ’ ಎಂಬ ದೀರ್ಘ ಗ್ರಂಥವನ್ನೇ ಬರೆದಿದ್ದವನು ವಾಗ್ನರ್. ತನ್ನ ಮಹಾಕೃತಿಯನ್ನು ತುಂಡರಿಸಿ ಕಛೇರಿಯ ವೇದಿಕೆಗೆ ತಂದವರಲ್ಲಿ ಅವನೇ ಮೊದಲಿಗನಾದ. ‘ರಿಂಗ್’ನ ವಾದ್ಯಸಂಗೀತ ನಾಟಕದಿಂದ ಬೇರೆಯಾಗಿ ಬಾಳಿದ ಕಥೆ ಇಲ್ಲಿಂದ ಆರಂಭವಾಗುತ್ತದೆ. ಹಾಗೆ ಬೇರೆಯಾದಾಗ ಆ ಸಂಗೀತ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದು ಕಥನಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಪ್ರಶ್ನೆ.

ಕೃತಿ ಹುಟ್ಟಿದ ಕ್ರಮವನ್ನು ನೋಡಿದರೆ ಈ ಪ್ರಶ್ನೆಯ ಮೂಲ ತಿಳಿಯುತ್ತದೆ. ನಾರ್ಸ್ ಎಡ್ಡಾಗಳು, ವೋಲ್ಸುಂಗರ ಸಾಗಾ, ಮಧ್ಯಕಾಲೀನ ಜರ್ಮನ್ ಮಹಾಕಾವ್ಯ ‘ನಿಬೆಲುಂಗೆನ್‌ಲೀಡ್’ ಇವುಗಳನ್ನು ಆಧರಿಸಿ ವಾಗ್ನರ್ 1848ರಲ್ಲಿ ಬರೆದದ್ದು ‘ಸೀಗ್‌ಫ್ರೀಡನ ಮರಣ’ ಎಂಬ ಒಂದೇ ನಾಟಕ. ವೀರನ ಸಾವು ಅರ್ಥವಾಗಬೇಕಾದರೆ ಅವನ ಯೌವನವನ್ನು ತೋರಿಸಬೇಕು ಎನಿಸಿತು. ಅದಕ್ಕಾಗಿ ಅವನ ತಂದೆತಾಯಿಗಳ ಕಥೆ, ಅದಕ್ಕೂ ಹಿಂದೆ ರೈನ್ ನದಿಯ ಚಿನ್ನ ಕಳವಾದ ಆದಿಕಥೆ, ಹೀಗೆ ಪಠ್ಯವು ಹಿಂದುಹಿಂದಕ್ಕೆ ಬೆಳೆಯಿತು. ಸಂಗೀತ ಮಾತ್ರ ಆದಿಯಿಂದ ಅಂತ್ಯದತ್ತ ಸಾಗಿತು: ‘ದಾಸ್ ರೈನ್‌ಗೋಲ್ಡ್’, ‘ದೀ ವಾಲ್ಕೂರೆ’, ‘ಸೀಗ್‌ಫ್ರೀಡ್’, ‘ಗೊಟ್ಟರ್‌ಡೆಮ್ಮರುಂಗ್’. ಕೊನೆಯದು ಮುಗಿದದ್ದು 1874ರ ನವೆಂಬರಿನಲ್ಲಿ. ಆಡಲು ಸುಮಾರು ಹದಿನೈದು ಗಂಟೆ ಹಿಡಿಯುವ ಇಂಥ ಕಥೆಯಲ್ಲಿ ಹಿಂದಿನದನ್ನು ನೆನಪಿಸುವ ಹೊಣೆಯನ್ನು ಯಾರಾದರೂ ಹೊರಲೇಬೇಕು. ವಾಗ್ನರ್ ಅದನ್ನು ವಾದ್ಯವೃಂದಕ್ಕೆ ವಹಿಸಿದ.

ಲೈಟ್‌ಮೋಟಿಫ್ ಎಂದು ಪ್ರಸಿದ್ಧವಾಗಿರುವ ಸ್ವರಖಂಡಗಳ ಕೆಲಸವೇ ಇದು. ವ್ಯಕ್ತಿ ಬಂದಾಗಲೆಲ್ಲ ಅವನ ಹೆಸರನ್ನು ಕೂಗಿ ಹೇಳುವ ಚೀಟಿಗಳೆಂದು ಅವುಗಳನ್ನು ಕೆಲವರು ತಿಳಿಯುವುದುಂಟು. ಆ ತಿಳಿವಳಿಕೆ ಪೂರ್ಣ ಸರಿಯಲ್ಲ. ‘ದೀ ವಾಲ್ಕೂರೆ’ಯ ಮೊದಲ ಅಂಕವನ್ನು ನೋಡಬಹುದು. ತನ್ನ ಮದುವೆಯ ದಿನ ಅಪರಿಚಿತ ವೃದ್ಧನೊಬ್ಬ ಬಂದು ಮರದ ಕಾಂಡಕ್ಕೆ ಖಡ್ಗವನ್ನು ನೆಟ್ಟು ಹೋದನೆಂದು ಸೀಗ್‌ಲಿಂಡೆ ಹೇಳುತ್ತಾಳೆ. ಆ ಮಾತಿನ ಅಡಿಯಲ್ಲಿ ವಾದ್ಯಗಳು ದೇವತೆಗಳ ಸೌಧವಾದ ವಾಲ್ಹಾಲದ ಸ್ವರಖಂಡವನ್ನು ಮೆಲ್ಲನೆ ನುಡಿಸುತ್ತವೆ. ಬಂದವನು ದೇವರಾಜ ವೋಟಾನನೆಂದು ಕೇಳುಗನಿಗೆ ತಿಳಿಯುತ್ತದೆ. ಕೇಳುತ್ತ ಕುಳಿತ ಸೀಗ್‌ಮುಂಡನಿಗೆ ಅದು ತಿಳಿಯದು. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಪಾತ್ರದ ಪಾಲಿಗೆ ವಾಚ್ಯ, ವಾದ್ಯದ ಪಾಲಿಗೆ ವ್ಯಂಗ್ಯ. ಇನ್ನೂ ಸೂಕ್ಷ್ಮವಾದ ಪ್ರಸಂಗ ‘ದಾಸ್ ರೈನ್‌ಗೋಲ್ಡ್’ನ ಕೊನೆಯಲ್ಲಿದೆ. ವಾಲ್ಹಾಲವನ್ನು ಪ್ರವೇಶಿಸುವ ಮುನ್ನ ವೋಟಾನನಿಗೆ ಒಂದು ಮಹಾಸಂಕಲ್ಪ ಹೊಳೆಯುತ್ತದೆ. ಅದೇನೆಂದು ಅವನು ಬಾಯಿಬಿಟ್ಟು ಹೇಳುವುದಿಲ್ಲ. ತುತ್ತೂರಿ ಖಡ್ಗದ ಸ್ವರಖಂಡವನ್ನು ನುಡಿಯುತ್ತದೆ. ಆ ಖಡ್ಗವನ್ನು ಮರದಿಂದ ಕೀಳುವ ವೀರನಾದರೋ ಆಗಿನ್ನೂ ಹುಟ್ಟಿಲ್ಲ.

ಈ ಕಥನಶಕ್ತಿಯ ಪರಾಕಾಷ್ಠೆ ‘ಗೊಟ್ಟರ್‌ಡೆಮ್ಮರುಂಗ್’ನ ಮೂರನೆಯ ಅಂಕದ ಶೋಕಸಂಗೀತ. ಹಾಗೆನ್ ಹಿಂದಿನಿಂದ ಈಟಿಯಿರಿದು ಸೀಗ್‌ಫ್ರೀಡನನ್ನು ಕೊಲ್ಲುತ್ತಾನೆ. ಸಂಗಡಿಗರು ಶವವನ್ನು ಹೊತ್ತು ಬೆಳದಿಂಗಳಿನಲ್ಲಿ ನಡೆಯುತ್ತಾರೆ. ರೈನ್ ನದಿಯಿಂದ ಮಂಜು ಎದ್ದು ರಂಗವನ್ನು ಮುಸುಕುತ್ತದೆ. ಯಾರೂ ಹಾಡುವುದಿಲ್ಲ. ಭೇರಿಯ ಮಂದ್ರಘಾತಗಳ ನಡುವೆ ಮೊದಲು ವೋಲ್ಸುಂಗ ವಂಶದ ಸ್ವರಖಂಡ, ಬಳಿಕ ಸೀಗ್‌ಮುಂಡ್–ಸೀಗ್‌ಲಿಂಡೆಯರ ಒಲವು, ಆಮೇಲೆ ತುತ್ತೂರಿಯಲ್ಲಿ ಖಡ್ಗ, ಅದರ ಹಿಂದೆಯೇ ಸೀಗ್‌ಫ್ರೀಡನ ಕೊಂಬಿನ ಕರೆ ಗಂಭೀರವಾಗಿ ಹಿಗ್ಗಿ ಕೇಳಿಸುತ್ತದೆ. ಕೊನೆಗೆ ಬ್ರುನ್‌ಹಿಲ್ಡೆಯ ನೆನಪು. ಈ ಭಾಗವನ್ನು ರಚಿಸಿದ ದಿನಗಳಲ್ಲಿ, 1871ರಲ್ಲಿ, ವಾಗ್ನರ್ ಇದನ್ನು ವಾದ್ಯವೃಂದವೇ ಹಾಡುವ ಗ್ರೀಕ್ ಮೇಳಗೀತವೆಂದು ತನ್ನ ಪತ್ನಿ ಕೋಸಿಮಾಗೆ ವಿವರಿಸಿದ್ದು ಆಕೆಯ ದಿನಚರಿಯಲ್ಲಿ ದಾಖಲಾಗಿದೆ. ತಂದೆತಾಯಿಗಳನ್ನು ಎಂದೂ ಕಾಣದೆ ಬೆಳೆದ ವೀರನಿಗೆ ಅವನ ಕುಲದ ಕಥೆಯನ್ನು ಶವದ ಮುಂದೆ ನಿಂತು ವಾದ್ಯಗಳು ಹೇಳುತ್ತವೆ. ಹನ್ನೆರಡು ಗಂಟೆಗೂ ಹೆಚ್ಚು ಕಾಲ ಕಥೆಯನ್ನು ಅನುಸರಿಸಿ ಬಂದವನಿಗೆ ಇಲ್ಲಿನ ಒಂದೊಂದು ಸ್ವರವೂ ಒಂದೊಂದು ದೃಶ್ಯ.

ಆದರೆ ವಿಯೆನ್ನಾದ ಶ್ರೋತೃಗಳು ಈ ಶೋಕಸಂಗೀತವನ್ನು 1875ರ ಮಾರ್ಚ್ 1ರಂದು, ನಾಟಕ ರಂಗವೇರುವ ಮುನ್ನವೇ ಕೇಳಿದರು. ಬೈರಾಯ್ಟ್ ರಂಗಮಂದಿರಕ್ಕೆ ಹಣ ಸೇರಿಸಲು ಏರ್ಪಟ್ಟ ಕಛೇರಿ ಅದು. ಅದೇ ತಿಂಗಳ 10ರಂದು ಬುಡಾಪೆಸ್ಟ್‌ನಲ್ಲಿ ನಡೆದ ಇಂಥದೇ ಕಛೇರಿಯಲ್ಲಿ ವಾಗ್ನರನ ಮಾವ ಫ್ರಾಂಝ್ ಲಿಸ್ಟ್ ಕೂಡ ಪಿಯಾನೊ ನುಡಿಸಿದ. ಇತ್ತ ‘ವಾಲ್ಕಿರಿಗಳ ಸವಾರಿ’ಯನ್ನು ಬಿಡಿಯಾಗಿ ನುಡಿಸಲು ಅನುಮತಿ ಕೋರಿ ಬಂದ ಪತ್ರಗಳಿಗೆ ವಾಗ್ನರ್ ಸಿಡಿಮಿಡಿಗೊಂಡು ನಿರಾಕರಣೆಯ ಉತ್ತರ ಬರೆಯುತ್ತಿದ್ದ. ತಾನು ಮಾಡಿದ್ದನ್ನು ಇತರರು ಮಾಡಬಾರದೆಂಬ ಈ ನಿಲುವನ್ನು ಬರಿಯ ಹಟವೆನ್ನಲಾಗದು. ತುಣುಕು ಜನಪ್ರಿಯವಾದಷ್ಟೂ ಇಡಿಯನ್ನು ಕೇಳುವ ತಾಳ್ಮೆ ಕರಗುತ್ತದೆಂದು ಅವನು ಬಲ್ಲ. ಬೈರಾಯ್ಟ್ ಉತ್ಸವ ಭಾರಿ ನಷ್ಟದಲ್ಲಿ ಮುಗಿದ ಮೇಲೆ ಆ ನಿಷೇಧವೂ ಸಡಿಲವಾಯಿತು. 1877ರ ಮೇ ತಿಂಗಳಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಎಂಟು ಕಛೇರಿಗಳಲ್ಲೊಂದರಲ್ಲಿ ಅವನೇ ‘ಸವಾರಿ’ಯನ್ನು ನಡೆಸಿಕೊಟ್ಟು, ಸಭೆ ಬಯಸಿತೆಂದು ಮತ್ತೊಮ್ಮೆ ನುಡಿಸಿದ.

‘ಸೀಗ್‌ಫ್ರೀಡ್ ಇಡಿಲ್’ನ ಕಥೆ ಇದಕ್ಕಿಂತ ಭಿನ್ನ, ಹೆಚ್ಚು ಮನಕಲಕುವಂಥದು. ‘ಸೀಗ್‌ಫ್ರೀಡ್’ ನಾಟಕದ ಮೂರನೆಯ ಅಂಕದ ರಚನೆ ನಡೆದಿದ್ದ ಕಾಲದಲ್ಲಿ, ಅದರೊಂದಿಗೆ ಹಂಚಿಕೊಂಡ ಸ್ವರವಸ್ತುವಿನಿಂದ ವಾಗ್ನರ್ ಒಂದು ಕಿರುಕೃತಿಯನ್ನು ಗುಟ್ಟಾಗಿ ಹೆಣೆದ. 1870ರ ಡಿಸೆಂಬರ್ 25ರ ಬೆಳಗ್ಗೆ ಲುಸರ್ನ್ ಬಳಿಯ ಟ್ರಿಬ್‌ಷೆನ್ ಮನೆಯ ಮೆಟ್ಟಿಲುಗಳ ಮೇಲೆ ಕೆಲವೇ ವಾದಕರು ನಿಂತು ಅದನ್ನು ನುಡಿಸಿದಾಗ ಕೋಸಿಮಾ ನಿದ್ದೆಯಿಂದ ಎಚ್ಚತ್ತಳು. ಅದು ಆಕೆಯ ಹುಟ್ಟುಹಬ್ಬದ ಕಾಣಿಕೆ, ಹಿಂದಿನ ವರ್ಷ ಹುಟ್ಟಿದ ಮಗ ಸೀಗ್‌ಫ್ರೀಡನ ಸಂಭ್ರಮವೂ ಹೌದು. ಮುಂದೆ ಬೈರಾಯ್ಟ್‌ನ ಮೊದಲ ‘ರಿಂಗ್’ ಅನ್ನು ನಡೆಸಿಕೊಟ್ಟ ಹಾನ್ಸ್ ರಿಕ್ಟರ್ ಅಂದು ತುತ್ತೂರಿಯ ಪುಟ್ಟ ಭಾಗವನ್ನು ನುಡಿಸಿದ್ದ. ಮನೆಯೊಳಗೇ ಉಳಿಯಬೇಕಿದ್ದ ಈ ಕೃತಿ ಹಣದ ಅಡಚಣೆಯಿಂದ ಪ್ರಕಾಶಕನ ಕೈಸೇರಿ 1878ರಲ್ಲಿ ಅಚ್ಚಾಯಿತು. ಕೋಸಿಮಾ ನೊಂದುಕೊಂಡಳು. ಮೆಟ್ಟಿಲ ಮೇಲಿನ ಆ ಬೆಳಗು ಈಗ ಎಲ್ಲರ ಸೊತ್ತು.

ನೆನಪಿನಿಂದ ಬೇರ್ಪಟ್ಟ ಸಂಗೀತಕ್ಕೆ ಯಾರು ಬೇಕಾದರೂ ತಮ್ಮ ಅರ್ಥವನ್ನು ತುಂಬಬಹುದು. ಇಪ್ಪತ್ತನೆಯ ಶತಮಾನ ಇದನ್ನು ಕಠೋರವಾಗಿ ತೋರಿಸಿತು. ನಾಜಿ ಜರ್ಮನಿಯ ವಾರ್ತಾಚಿತ್ರಗಳಲ್ಲಿ ‘ಸವಾರಿ’ ವಿಮಾನದಾಳಿಯ ಹಿನ್ನೆಲೆಯಾಯಿತು. ನಾಟಕದಲ್ಲಿ ಅದು ಯುದ್ಧಘೋಷವಾಗಿಯೇ ಉಳಿಯುವುದಿಲ್ಲ: ಮಡಿದ ವೀರರನ್ನು ಕುದುರೆಗಳ ಮೇಲೆ ಹೊತ್ತು ತರುವ ಸೋದರಿಯರ ನಡುವೆ, ತಂದೆಯ ಆಜ್ಞೆ ಮೀರಿ ಬದುಕಿರುವ ಗರ್ಭಿಣಿಯನ್ನು ಕಾಪಾಡಲು ಬ್ರುನ್‌ಹಿಲ್ಡೆ ಓಡಿಬರುತ್ತಾಳೆ. 1945ರ ಮೇ 1ರ ರಾತ್ರಿ ಹಿಟ್ಲರನ ಮರಣವಾರ್ತೆಗೆ ಮುನ್ನ ಜರ್ಮನ್ ಆಕಾಶವಾಣಿ ‘ಗೊಟ್ಟರ್‌ಡೆಮ್ಮರುಂಗ್’ನ ಸಂಗೀತವನ್ನೂ, ವಾಗ್ನರನ ಸಾವಿಗೆ ಮಿಡಿದು ಬ್ರುಕ್ನರ್ ಬರೆದ ಏಳನೆಯ ಸಿಂಫನಿಯ ನಿಧಾನಭಾಗವನ್ನೂ ಬಿತ್ತರಿಸಿತು. ಇದಕ್ಕೆಲ್ಲ ತುಣುಕುಗಳನ್ನಷ್ಟೇ ದೂರಿ ವಾಗ್ನರನನ್ನು ಪಾರುಮಾಡುವುದು ಪ್ರಾಮಾಣಿಕವಾಗದು. ಯಹೂದಿಗಳ ವಿರುದ್ಧ ಅವನು 1850ರಲ್ಲಿ ಗುಪ್ತನಾಮದಿಂದ, 1869ರಲ್ಲಿ ತನ್ನ ಹೆಸರಿನಿಂದಲೇ ಪ್ರಕಟಿಸಿದ ಲೇಖನ ಕಣ್ಣೆದುರಿಗಿದೆ. ಆದರೂ ಅಧಿಕಾರದ ಆಸೆಯನ್ನು ಶಾಪವೆಂದು ಬಗೆದು, ದೇವರಾಜನ ಸೌಧವನ್ನೇ ಬೆಂಕಿಗೆ ಆಹುತಿ ಕೊಡುವ ಕೃತಿ ಅಧಿಕಾರದ ವಾದ್ಯವಾದದ್ದು, ಅದರ ಕಥೆಯನ್ನು ಕಳಚಿಟ್ಟಿದ್ದರಿಂದಲೇ ಸುಲಭವಾಯಿತು.

ತುಣುಕುಗಳನ್ನು ಮತ್ತೆ ಕಥೆಯ ದಾರದಲ್ಲಿ ಪೋಣಿಸುವ ಪ್ರಯತ್ನಗಳೂ ನಡೆದಿವೆ. ಲೋರಿನ್ ಮಾಝೆಲ್ 1987ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್‌ನೊಂದಿಗೆ ಧ್ವನಿಮುದ್ರಿಸಿದ ‘ಮಾತುಗಳಿಲ್ಲದ ರಿಂಗ್’ ಸುಮಾರು ಎಪ್ಪತ್ತು ನಿಮಿಷಗಳದು. ‘ದಾಸ್ ರೈನ್‌ಗೋಲ್ಡ್’ನ ಮೊದಲ ಸ್ವರದಿಂದ ‘ಗೊಟ್ಟರ್‌ಡೆಮ್ಮರುಂಗ್’ನ ಕೊನೆಯ ಸ್ವರದವರೆಗೆ ಕಥಾಕ್ರಮದಲ್ಲೇ ಸಾಗಬೇಕು, ವಾಗ್ನರ್ ಬರೆಯದ ಒಂದು ಸ್ವರವೂ ಸೇರಬಾರದು ಎಂಬುದು ಅವನು ಹಾಕಿಕೊಂಡ ನಿಯಮ. ಡಚ್ ವಾದಕ ಹೆಂಕ್ ಡಿ ವ್ಲೀಗರ್ 1991ರಲ್ಲಿ ಹದಿನಾಲ್ಕು ಭಾಗಗಳ ಇನ್ನೊಂದು ಸಂಗ್ರಹವನ್ನು ಸಿದ್ಧಪಡಿಸಿದ. ಬಿಡಿ ‘ಸವಾರಿ’ಗಿಂತ ಇವು ಕಥೆಗೆ ಹತ್ತಿರ. ಎಂಟು ಕೊಂಬುಗಳು ಒಂದರ ಹಿಂದೊಂದು ಏಳುತ್ತ, 136 ಮಾತ್ರಾಭಾಗಗಳುದ್ದಕ್ಕೂ ಒಂದೇ ಸ್ವರಮೇಳದ ಮೇಲೆ ನದಿಯನ್ನು ತುಂಬಿಸುವ ಆರಂಭ ಇಲ್ಲಿ ಸಾರ್ಥಕವಾಗುತ್ತದೆ, ಏಕೆಂದರೆ ಕೊನೆಗೆ ಉಕ್ಕಿ ಬರುವುದೂ ಅದೇ ನದಿ.

ಆದರೂ ಕೊನೆಯ ಕ್ಷಣದಲ್ಲಿ ಕೊರತೆಯೊಂದು ಉಳಿಯುತ್ತದೆ. ವಾಲ್ಹಾಲ ಉರಿದು, ಉಂಗುರ ರೈನ್‌ಗೆ ಮರಳಿದ ಮೇಲೆ ಪಿಟೀಲುಗಳಲ್ಲಿ ತೇಲಿಬರುವ ಸ್ವರಖಂಡ ಕೊನೆಯ ದೃಶ್ಯಕ್ಕೆ ಮುನ್ನ ಇಡೀ ಚತುಷ್ಟಯದಲ್ಲಿ ಕೇಳಿಬಂದದ್ದು ಒಂದೇ ಬಾರಿ. ತನ್ನ ಗರ್ಭದಲ್ಲಿ ಸೀಗ್‌ಫ್ರೀಡನಿದ್ದಾನೆಂದು ತಿಳಿದ ಸೀಗ್‌ಲಿಂಡೆ, ತನ್ನನ್ನು ಕಾಪಾಡಿದ ಬ್ರುನ್‌ಹಿಲ್ಡೆಯನ್ನು ಕೊಂಡಾಡಿ ಹಾಡಿದ್ದು ಅದು. ಸ್ವರಖಂಡಗಳಿಗೆ ಹೆಸರಿಟ್ಟು ಕೈಪಿಡಿ ಬರೆದ ಹಾನ್ಸ್ ಫೊನ್ ವೊಲ್‌ಝೋಗೆನ್ ಇದನ್ನು ಪ್ರೇಮದ ಮೂಲಕ ವಿಮೋಚನೆ ಎಂದು ಕರೆದ. ವಾಗ್ನರನ ಮಟ್ಟಿಗೆ ಅದು ಬ್ರುನ್‌ಹಿಲ್ಡೆಯ ಸ್ತುತಿ. ಕಾಡಿನತ್ತ ಏಕಾಕಿಯಾಗಿ ಓಡಲಿರುವ ಗರ್ಭಿಣಿಯೊಬ್ಬಳ ಕೃತಜ್ಞತೆ ಆ ಸ್ವರಗಳಲ್ಲಿದೆ ಎಂಬುದು ಕಛೇರಿಯಲ್ಲಿ ಮಾತ್ರ ಅದನ್ನು ಕೇಳಿದವನಿಗೆ ತಿಳಿಯುವುದಿಲ್ಲ. ಅವನ ಪಾಲಿಗೆ ಅವು ಪಿಟೀಲಿನ ಇಂಪಾದ ಸ್ವರಗಳು.