ಗುಲಾಮಗಿರಿ ವಿರೋಧಿ ಚಳವಳಿಯ ಪ್ರಚಾರ ಸಾಮಗ್ರಿ: ತರಗತಿಯಲ್ಲಿ ಆಕರ ವಿಮರ್ಶೆಯ ಕೆಲವು ನೆಲೆಗಳು

1

ಅಟ್ಲಾಂಟಿಕ್ ಗುಲಾಮಗಿರಿಯ ನಿರ್ಮೂಲನವು ನಮ್ಮ ಚರಿತ್ರೆಯ ಪಾಠಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಇಸವಿಗಳಲ್ಲಿ ಮುಗಿದುಹೋಗುತ್ತದೆ. 1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1833ರಲ್ಲಿ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಪಡಿಸುವ ಕಾಯಿದೆ ಬಂದಿತು. 1865ರಲ್ಲಿ ಅಮೆರಿಕದ ಸಂವಿಧಾನಕ್ಕೆ ಹದಿಮೂರನೆಯ ತಿದ್ದುಪಡಿಯಾಯಿತು. ಈ ಇಸವಿಗಳ ಹಿಂದೆ ಸುಮಾರು ಎಂಟು ದಶಕಗಳ ಕಾಲ ಅಚ್ಚಾದ ಕರಪತ್ರ, ಭಿತ್ತಿಚಿತ್ರ, ಪದಕ, ಪತ್ರಿಕೆ, ಆತ್ಮಕಥನ ಹಾಗೂ ಛಾಯಾಚಿತ್ರಗಳ ದೊಡ್ಡ ರಾಶಿಯಿದೆ. ಈ ಸಾಮಗ್ರಿಯನ್ನು ವಿದ್ಯಾರ್ಥಿಗಳು ಆಕರವಾಗಿ ಓದುವ ಬಗೆ ಯಾವುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಗುಲಾಮರ ಒಡೆಯರ ಬರವಣಿಗೆಯನ್ನು ಅನುಮಾನದಿಂದ ಓದಲು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ವಿರೋಧಿಸಿದವರ ಬರವಣಿಗೆಯ ಎದುರು ಅವರ ವಿಮರ್ಶೆ ಮೌನವಾಗುತ್ತದೆ. ಉದ್ದೇಶ ಒಳ್ಳೆಯದೆಂದ ಮೇಲೆ ಚಿತ್ರವೂ ನಿಜವೇ ಇರಬೇಕೆಂದು ಅವರು ನಂಬಿಬಿಡುತ್ತಾರೆ. ನಾವು ಒಪ್ಪುವ ಪಕ್ಷದ ಪ್ರಚಾರವನ್ನು ಓದುವಾಗಲೇ ಆಕರ ವಿಮರ್ಶೆಗೆ ನಿಜವಾದ ಪರೀಕ್ಷೆ. ಜೀತ, ಅಸ್ಪೃಶ್ಯತೆ, ವಲಸೆ ಕೂಲಿಗಳ ಬಗ್ಗೆ ಅನ್ಯರು ಸಿದ್ಧಪಡಿಸಿದ ವರದಿ ಮತ್ತು ಚಿತ್ರಗಳನ್ನು ಆಧರಿಸಿ ಸಂಶೋಧನೆ ನಡೆಸುವವರಿಗೂ ಈ ಪ್ರಶ್ನೆ ದೂರದ್ದಲ್ಲ.

ಪ್ರತಿಯೊಂದು ಆಕರಕ್ಕೂ ನಾಲ್ಕು ಪ್ರಶ್ನೆಗಳನ್ನು ಹಾಕಬೇಕೆಂಬುದು ನಮ್ಮ ಸಲಹೆ. ಇದನ್ನು ತಯಾರಿಸಿದವರು ಯಾರು, ಯಾರಿಗಾಗಿ? ಇದು ಯಾವ ದಾರಿಯಲ್ಲಿ ಸಂಚರಿಸಿತು? ಗುಲಾಮನಾದವನಿಗೆ ಇದರೊಳಗೆ ದೊರೆತ ಪಾತ್ರ ಯಾವುದು? ಇದು ಹೇಳದೆ ಬಿಟ್ಟದ್ದು ಏನು?

2

ಗುಲಾಮ ವ್ಯಾಪಾರದ ನಿರ್ಮೂಲನಕ್ಕಾಗಿ 1787ರ ಮೇ 22ರಂದು ಲಂಡನ್ನಿನಲ್ಲಿ ಒಂದು ಸಮಿತಿ ಸ್ಥಾಪನೆಯಾಯಿತು. ಅದರ ಹನ್ನೆರಡು ಸ್ಥಾಪಕ ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ಅದೇ ವರ್ಷ ಪಿಂಗಾಣಿ ಉದ್ಯಮಿ ಜೋಸಯ್ಯ ವೆಜ್‌ವುಡ್‌ನ ಕಾರ್ಖಾನೆಯಲ್ಲಿ ಒಂದು ಸಣ್ಣ ಪದಕ ತಯಾರಾಯಿತು. ಸರಪಳಿ ತೊಟ್ಟ ಕರಿಯನೊಬ್ಬ ಮಂಡಿಯೂರಿ ಕೈಯೆತ್ತಿ, ತಾನೂ ಮನುಷ್ಯನಲ್ಲವೆ, ಸೋದರನಲ್ಲವೆ ಎಂದು ಕೇಳುವ ಚಿತ್ರ ಅದರ ಮೇಲಿತ್ತು. ವೆಜ್‌ವುಡ್ 1788ರಲ್ಲಿ ಫಿಲಡೆಲ್ಫಿಯಾದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಈ ಪದಕಗಳನ್ನು ಕಳುಹಿಸಿಕೊಟ್ಟನು. ಇಂಗ್ಲೆಂಡಿನ ಸ್ತ್ರೀಯರು ಅವನ್ನು ಬಳೆಯಲ್ಲಿ, ತಲೆಪಿನ್ನಿನಲ್ಲಿ ಕೂಡಿಸಿ ತೊಟ್ಟರೆಂದು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ತನ್ನ 1808ರ ಇತಿಹಾಸದಲ್ಲಿ ದಾಖಲಿಸಿದ್ದಾನೆ.

ಮತದಾನದ ಹಕ್ಕಿಲ್ಲದ ಸ್ತ್ರೀಯರಿಗೆ ಒಂದು ಆಭರಣವು ರಾಜಕೀಯ ಅಭಿಪ್ರಾಯವನ್ನು ಪ್ರಕಟಿಸುವ ಮಾಧ್ಯಮವಾಯಿತೆಂಬುದು ಗಮನಾರ್ಹ. ಆದರೆ ಮೂರನೆಯ ಪ್ರಶ್ನೆ ಹಾಕಿದೊಡನೆ ಪದಕದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಮಂಡಿಯೂರಿದವನು ಕೇಳುವವನು. ಕೊಡುವವನು ಚಿತ್ರದ ಹೊರಗೆ, ಪದಕ ತೊಟ್ಟವರ ಸ್ಥಾನದಲ್ಲಿದ್ದಾನೆ. ಸ್ವಾತಂತ್ರ್ಯವು ದಯೆಯಿಂದ ದೊರೆಯುವ ದಾನವೆಂಬ ಕಲ್ಪನೆ ಆ ಭಂಗಿಯಲ್ಲಿಯೇ ಅಡಗಿದೆ. 1791ರಲ್ಲಿ ಸೇಂಟ್ ಡೊಮಿಂಗ್‌ನ ಗುಲಾಮರು ದಂಗೆಯೆದ್ದರು. 1804ರಲ್ಲಿ ಹೈಟಿ ಸ್ವತಂತ್ರ ರಾಷ್ಟ್ರವಾಯಿತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿರಿಸಿದಾಗ ಪದಕ ಏನನ್ನು ಬಿಟ್ಟಿತೆಂಬುದಕ್ಕೆ ವಿದ್ಯಾರ್ಥಿಗಳೇ ಉತ್ತರ ಕಂಡುಕೊಳ್ಳುತ್ತಾರೆ.

ಬ್ರೂಕ್ಸ್ ಹಡಗಿನ ನಕ್ಷೆ ಇದಕ್ಕಿಂತ ಭಿನ್ನವಾದ ಆಕರ. ಲಿವರ್‌ಪೂಲಿನ ಈ ಹಡಗಿನ ಅಡ್ಡಕೊಯ್ತದ ಚಿತ್ರವನ್ನು ಪ್ಲಿಮತ್ ಸಮಿತಿ 1788ರ ಕೊನೆಯಲ್ಲಿಯೂ, ವಿಸ್ತರಿಸಿದ ರೂಪದಲ್ಲಿ ಲಂಡನ್ ಸಮಿತಿ 1789ರಲ್ಲಿಯೂ ಪ್ರಕಟಿಸಿದವು. ಗಂಡಸಿಗೆ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಅಂಗುಲ ಅಗಲದ ಜಾಗ ಎಂಬ ಲೆಕ್ಕದಲ್ಲಿ ಅದರೊಳಗೆ ಶರೀರಗಳನ್ನು ಜೋಡಿಸಲಾಗಿದೆ. ಲಂಡನ್ ಆವೃತ್ತಿಯಲ್ಲಿ 482 ಆಕೃತಿಗಳಿವೆ. 1788ರ ಡಾಲ್ಬೆನ್ ಕಾಯಿದೆ ಆ ಹಡಗಿಗೆ ವಿಧಿಸಿದ ಮಿತಿ 454. ಕಾಯಿದೆಗೆ ಮುಂಚಿನ ಒಂದು ಯಾನದಲ್ಲಿ ಅದು ಒಯ್ದವರ ಸಂಖ್ಯೆ 609. ಈ ಮೂರು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದರೆ ಸಾಕು. ಚಿತ್ರವು ಕಾಯಿದೆಯ ಮಿತಿಯನ್ನು ಮೀರಿದೆ, ಆದರೆ ನಡೆದ ಕ್ರೌರ್ಯದ ಅಳತೆಯನ್ನು ಮುಟ್ಟಿಲ್ಲ. ಹಾಗಿದ್ದಲ್ಲಿ ಇದನ್ನು ಉತ್ಪ್ರೇಕ್ಷೆ ಎನ್ನಬೇಕೆ, ಸಂಯಮ ಎನ್ನಬೇಕೆ? ಎರಡು ಉತ್ತರಗಳಿಗೂ ಆಧಾರ ಕೊಡಬಹುದೆಂಬುದನ್ನು ಅರಿಯುವುದೇ ಇಲ್ಲಿಯ ಪಾಠ.

ವಿಶೇಷಣಗಳಿಲ್ಲದ ಆ ನಕ್ಷೆ ಸಂಸತ್ತಿನ ತನಿಖೆಯಲ್ಲಿ ದೊರೆತ ಅಳತೆಗಳನ್ನೇ ಬಳಸಿ ವ್ಯಾಪಾರಿಗಳ ಲೆಕ್ಕದ ಭಾಷೆಯನ್ನು ಅವರಿಗೇ ತಿರುಗಿಸಿತು. ಅದರ ಶಕ್ತಿ ಅಲ್ಲಿದೆ. ಆದರೆ ಮಲಗಿದ ಆ ಆಕೃತಿಗಳಿಗೆ ಹೆಸರಿಲ್ಲ, ಗುರುತಿನ ಚಹರೆಯಿಲ್ಲ, ಚಲನೆಯಿಲ್ಲ. ಹಡಗಿನ ಮೇಲೆ ನಡೆದ ದಂಗೆ, ಉಪವಾಸ, ಹಾಡು, ಪರಸ್ಪರ ಆಸರೆ ಯಾವುದೂ ಆ ಲೆಕ್ಕದೊಳಕ್ಕೆ ಬರುವುದಿಲ್ಲ.

3

ಗುಲಾಮರಾಗಿದ್ದವರೇ ಬರೆದ ಅಥವಾ ಹೇಳಿ ಬರೆಯಿಸಿದ ಕಥನಗಳಿಗೆ ಬಂದಾಗ ಸಮಸ್ಯೆ ಬಗೆಹರಿಯಿತೆಂದು ತೋರುತ್ತದೆ. ವಾಸ್ತವದಲ್ಲಿ ಅದು ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಒಲಾಡಾ ಇಕ್ವಿಯಾನೋನ ಆತ್ಮಕಥೆ 1789ರಲ್ಲಿ ಚಂದಾದಾರರ ನೆರವಿನಿಂದ ಪ್ರಕಟವಾಗಿ, ಅವನ ಜೀವಿತಕಾಲದಲ್ಲೇ ಒಂಬತ್ತು ಆವೃತ್ತಿಗಳನ್ನು ಕಂಡಿತು. ಸ್ವತಃ ಬರೆದದ್ದೆಂಬ ಮಾತನ್ನು ಅವನು ಶೀರ್ಷಿಕೆಯಲ್ಲೇ ಸೇರಿಸಿದ್ದಾನೆ. ಎದುರು ಪುಟದ ಭಾವಚಿತ್ರದಲ್ಲಿ ಬೈಬಲನ್ನು ತೆರೆದು ಹಿಡಿದು ಕುಳಿತಿದ್ದಾನೆ. ತಾನು ಆಫ್ರಿಕದಲ್ಲಿ ಹುಟ್ಟಿದೆನೆಂದು ಅವನು ಬರೆದರೆ, 1759ರ ದೀಕ್ಷಾಸ್ನಾನದ ದಾಖಲೆ ಮತ್ತು 1773ರ ಹಡಗಿನ ಪಟ್ಟಿ ಅವನ ಜನ್ಮಸ್ಥಳ ಕ್ಯಾರೊಲಿನಾ ಎನ್ನುತ್ತವೆ. ವಿನ್ಸೆಂಟ್ ಕಾರೆಟಾ 1999ರಲ್ಲಿ ಇವನ್ನು ಚರ್ಚೆಗೆ ತಂದ ಮೇಲೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅಧಿಕಾರಿಗಳ ಲೇಖನಿಯಿಂದ ಬಂದ ದಾಖಲೆಗೆ ಹೆಚ್ಚಿನ ಬೆಲೆಯೋ, ಬದುಕಿದವನ ಮಾತಿಗೋ ಎಂಬ ಪ್ರಶ್ನೆಯನ್ನು ತೀರ್ಪಿಲ್ಲದೆ ತರಗತಿಯ ಮುಂದಿಡಬಹುದು.

ಬರ್ಮುಡಾದಲ್ಲಿ ಹುಟ್ಟಿದ ಮೇರಿ ಪ್ರಿನ್ಸ್‌ಳ ಕಥನ 1831ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವಳು ಹೇಳಿದ್ದನ್ನು ಬರೆದುಕೊಂಡವಳು ಸುಸಾನಾ ಸ್ಟ್ರಿಕ್‌ಲ್ಯಾಂಡ್. ತಿದ್ದಿ ಪ್ರಕಟಿಸಿದವನು ಗುಲಾಮಗಿರಿ ವಿರೋಧಿ ಸಂಘದ ಕಾರ್ಯದರ್ಶಿ ಥಾಮಸ್ ಪ್ರಿಂಗಲ್. 1833ರ ಮಾನಹಾನಿ ಮೊಕದ್ದಮೆಯೊಂದರಲ್ಲಿ ಸಾಕ್ಷಿ ನುಡಿದ ಪ್ರಿನ್ಸ್, ಮದುವೆಗೆ ಮುಂಚೆ ತಾನು ಪುರುಷನೊಬ್ಬನೊಡನೆ ಬಾಳಿದ ಸಂಗತಿಯನ್ನು ತಿಳಿಸಿ, ಅದನ್ನು ಬರೆದುಕೊಂಡವಳಿಗೂ ಹೇಳಿದ್ದೆನೆಂದಳು. ಪುಸ್ತಕದಲ್ಲಿ ಆ ಮಾತಿಲ್ಲ. ಓದುಗರ ಸಹಾನುಭೂತಿ ಕದಡಬಾರದೆಂಬ ಎಚ್ಚರವೇ ಅವಳ ಬದುಕಿನ ಒಂದು ಭಾಗವನ್ನು ಅಳಿಸಿಹಾಕಿತೆಂದು ಊಹಿಸಲು ಅವಕಾಶವಿದೆ.

ಸೊಜರ್ನರ್ ಟ್ರೂತ್‌ಳ ಭಾಷಣ ಇನ್ನೂ ಉತ್ತಮವಾದ ಅಭ್ಯಾಸ. 1851ರ ಮೇ ತಿಂಗಳಲ್ಲಿ ಒಹಾಯೋದ ಆಕ್ರನ್‌ನಲ್ಲಿ ನಡೆದ ಸ್ತ್ರೀಯರ ಸಮಾವೇಶದಲ್ಲಿ ಅವಳು ಆಡಿದ ಮಾತನ್ನು ಮೇರಿಯಸ್ ರಾಬಿನ್‌ಸನ್ ಮುಂದಿನ ತಿಂಗಳೇ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದು ಶಿಷ್ಟ ಇಂಗ್ಲಿಷಿನಲ್ಲಿದೆ. ಹನ್ನೆರಡು ವರ್ಷಗಳ ಅನಂತರ, 1863ರಲ್ಲಿ, ಫ್ರಾನ್ಸಿಸ್ ಗೇಜ್ ಅದೇ ಭಾಷಣವನ್ನು ದಕ್ಷಿಣದ ಗುಲಾಮರ ಆಡುನುಡಿಯೆಂದು ತಾನು ಭಾವಿಸಿದ ಭಾಷೆಯಲ್ಲಿ ಬರೆದಳು. ತಾನು ಹೆಣ್ಣಲ್ಲವೇ ಎಂದು ಮತ್ತೆ ಮತ್ತೆ ಕೇಳುವ ಪ್ರಸಿದ್ಧ ಪಲ್ಲವಿ ಈ ಎರಡನೆಯ ಪಾಠದಲ್ಲಿ ಮಾತ್ರವಿದೆ. ಟ್ರೂತ್ ಹುಟ್ಟಿ ಬೆಳೆದದ್ದು ನ್ಯೂಯಾರ್ಕ್ ಪ್ರಾಂತದ ಅಲ್‌ಸ್ಟರ್ ಕೌಂಟಿಯಲ್ಲಿ. ಅವಳ ಮೊದಲ ಭಾಷೆ ಡಚ್. ಐದು ಮಕ್ಕಳ ತಾಯಿಯ ಬಾಯಲ್ಲಿ ಗೇಜ್ ಹದಿಮೂರು ಮಕ್ಕಳ ಮಾತನ್ನಾಡಿಸುತ್ತಾಳೆ. ಎರಡು ಪಾಠಗಳನ್ನು ಜೊತೆಯಾಗಿ ಓದಿಸಿದಾಗ, ಜಗತ್ತು ನೆನಪಿಟ್ಟುಕೊಂಡದ್ದು ಯಾವುದನ್ನು, ಏಕೆ ಎಂಬ ಪ್ರಶ್ನೆ ತಾನಾಗಿ ಮೂಡುತ್ತದೆ. ಹಾಡುವವರ ಮಾತನ್ನು ಸಂಗ್ರಾಹಕನ ಕಿವಿಯ ಮೂಲಕವೇ ಪಡೆಯುವ ನಮ್ಮ ಜಾನಪದ ಸಂಪಾದನೆಯೂ ಇದೇ ಪ್ರಶ್ನೆಗೆ ಉತ್ತರಿಸಬೇಕಾಗಿದೆ.

4

ಸಂಚಾರದ ದಾರಿಯನ್ನು ಕುರಿತ ಎರಡನೆಯ ಪ್ರಶ್ನೆಗೆ ಅಮೆರಿಕದ ಅಂಚೆಯ ಇತಿಹಾಸ ಉತ್ತಮ ನಿದರ್ಶನ. 1835ರ ಜುಲೈ 29ರ ರಾತ್ರಿ ಚಾರ್ಲ್ಸ್‌ಟನ್ನಿನ ಗುಂಪೊಂದು ಅಂಚೆ ಕಚೇರಿಗೆ ನುಗ್ಗಿ, ನ್ಯೂಯಾರ್ಕಿನಿಂದ ಬಂದ ಗುಲಾಮಗಿರಿ ವಿರೋಧಿ ಪತ್ರಿಕೆಗಳನ್ನು ಹೊತ್ತೊಯ್ದಿತು. ಅವನ್ನು ಬಳಿಕ ಬಹಿರಂಗವಾಗಿ ಸುಡಲಾಯಿತು. 1836ರಿಂದ 1844ರವರೆಗೆ ಕಾಂಗ್ರೆಸ್ಸಿನ ಕೆಳಮನೆ ಗುಲಾಮಗಿರಿಯ ಬಗೆಗಿನ ಮನವಿಗಳನ್ನು ಚರ್ಚೆಯಿಲ್ಲದೆ ಬದಿಗಿಟ್ಟಿತು. ಈ ನಿರ್ಬಂಧ ವಾಕ್‌ಸ್ವಾತಂತ್ರ್ಯದ ಪ್ರಶ್ನೆಯನ್ನೂ ಚಳವಳಿಗೆ ಸೇರಿಸಿತು.

ದಕ್ಷಿಣಕ್ಕೆ ತನ್ನ ಪತ್ರಿಕೆ ಹೋಗದಿದ್ದಾಗ ಚಳವಳಿ ದಕ್ಷಿಣದ ಪತ್ರಿಕೆಗಳನ್ನೇ ಓದಿತು. ಥಿಯೊಡೋರ್ ವೆಲ್ಡ್, ಅವನ ಪತ್ನಿ ಆಂಜೆಲಿನಾ ಗ್ರಿಂಕೆ ಹಾಗೂ ಅವಳ ಅಕ್ಕ ಸಾರಾ 1839ರಲ್ಲಿ ಸಿದ್ಧಪಡಿಸಿದ ಗ್ರಂಥದ ಒಂದು ಮುಖ್ಯ ಆಧಾರ, ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಒಡೆಯರು ಹಾಕಿದ ಜಾಹೀರಾತುಗಳು. ಗುರುತಿಗೆಂದು ಒಡೆಯನೇ ಬರೆದ ಬರೆಯ ಗುರುತು, ಕತ್ತರಿಸಿದ ಕಿವಿ, ಬೆನ್ನಿನ ಬಾಸುಂಡೆಗಳು ಅವನ ವಿರುದ್ಧವೇ ಸಾಕ್ಷಿಯಾದವು. ಒಂದು ಜಾಹೀರಾತನ್ನು ಎರಡು ಬಾರಿ, ಮೊದಲು ಒಡೆಯನ ದೃಷ್ಟಿಯಿಂದ, ಮತ್ತೆ ಓಡಿದವನ ದೃಷ್ಟಿಯಿಂದ ಓದಿಸುವ ಅಭ್ಯಾಸ ಬಹು ಫಲಕಾರಿ.

ತನ್ನ ಚಿತ್ರವನ್ನು ತಾನೇ ನಿರ್ಮಿಸಿಕೊಳ್ಳುವ ಹೋರಾಟವೂ ನಡೆಯಿತು. ನ್ಯೂಯಾರ್ಕಿನಲ್ಲಿ 1827ರಲ್ಲಿ ಆರಂಭವಾದ ‘ಫ್ರೀಡಮ್ಸ್ ಜರ್ನಲ್’ ಕರಿಯರೇ ನಡೆಸಿದ ಮೊದಲ ಅಮೆರಿಕನ್ ಪತ್ರಿಕೆ. ಅದು ಗ್ಯಾರಿಸನ್‌ನ ‘ಲಿಬರೇಟರ್’ (1831)ಗಿಂತ ನಾಲ್ಕು ವರ್ಷ ಹಿಂದಿನದು. ಫ್ರೆಡರಿಕ್ ಡಗ್ಲಾಸ್ 1847ರಲ್ಲಿ ‘ನಾರ್ತ್ ಸ್ಟಾರ್’ ಆರಂಭಿಸಿದನು. ಬಿಳಿಯ ಕಲಾವಿದರಿಂದ ಕರಿಯರಿಗೆ ನಿಷ್ಪಕ್ಷಪಾತವಾದ ಭಾವಚಿತ್ರ ದೊರೆಯುವುದಿಲ್ಲವೆಂದು 1849ರಲ್ಲಿ ಅಲ್ಲಿ ಬರೆದ ಅವನು ಕ್ಯಾಮೆರಾದ ಕಡೆಗೆ ತಿರುಗಿದನು. ಅವನ ಸುಮಾರು 160 ಛಾಯಾಚಿತ್ರಗಳು ಈಗ ಪತ್ತೆಯಾಗಿವೆ. ಉತ್ತಮ ಉಡುಪು, ಗಂಭೀರ ಮುಖ, ನೇರ ನಿಲುವು. ಇವುಗಳಲ್ಲೊಂದನ್ನು ವೆಜ್‌ವುಡ್ ಪದಕದ ಪಕ್ಕದಲ್ಲಿಟ್ಟರೆ ವಿವರಣೆಯ ಅಗತ್ಯವೇ ಉಳಿಯುವುದಿಲ್ಲ.

5

ಈ ಆಕರಗಳು ಭಾರತವನ್ನು ಎರಡು ಕಡೆ ಮುಟ್ಟುತ್ತವೆ. ವೆಸ್ಟ್ ಇಂಡೀಸ್ ಸಕ್ಕರೆಯನ್ನು ಬಹಿಷ್ಕರಿಸಿದ ಬ್ರಿಟಿಷ್ ಕುಟುಂಬಗಳಿಗಾಗಿ 1820ರ ದಶಕದಲ್ಲಿ, ಈಸ್ಟ್ ಇಂಡಿಯಾ ಸಕ್ಕರೆ ಗುಲಾಮರಿಂದ ತಯಾರಾದುದಲ್ಲವೆಂದು ಬರೆದ ಸಕ್ಕರೆ ಬಟ್ಟಲುಗಳು ಮಾರಾಟವಾದವು. ಆದರೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬೇಸಾಯದಲ್ಲಿ ದುಡಿಯುವ ಕ್ರಯದ ಆಳುಗಳನ್ನು ಕರಾವಳಿಯಲ್ಲಿ ಕಂಡು, 1807ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದನು. 1833ರ ಕಾಯಿದೆ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಇಲ್ಲಿಯ ನ್ಯಾಯಾಲಯಗಳು ಗುಲಾಮಗಿರಿಯನ್ನು ಮಾನ್ಯಮಾಡಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ. ಬಟ್ಟಲಿನ ಮೇಲಿನ ಬರಹವು ಒಂದು ದ್ವೀಪದ ಗುಲಾಮನನ್ನು ಕಾಣಿಸುತ್ತ ಇನ್ನೊಂದು ಕರಾವಳಿಯ ಆಳನ್ನು ಮರೆಮಾಡಿತು.

ಎರಡನೆಯದು ಪುಣೆಯ ಜೋತಿರಾವ್ ಫುಲೆಯವರ ‘ಗುಲಾಮಗಿರಿ’ (1873). ಮರಾಠಿಯ ಈ ಸಂವಾದರೂಪದ ಕೃತಿಯನ್ನು ಅವರು ಗುಲಾಮರ ವಿಮೋಚನೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಇಂಗ್ಲಿಷಿನಲ್ಲಿ ಅರ್ಪಿಸಿ, ತಮ್ಮ ದೇಶಬಾಂಧವರು ಶೂದ್ರರ ಬಿಡುಗಡೆಗೆ ಅದನ್ನೇ ಮಾದರಿಯಾಗಿ ತೆಗೆದುಕೊಳ್ಳಲೆಂದು ಆಶಿಸಿದರು. ಅರ್ಪಣೆ ಬಿಳಿಯ ಹಿತೈಷಿಗಳಿಗೆ ಸಂದಂತೆ ತೋರಿದರೂ ಗ್ರಂಥದೊಳಗೆ ಮಾತನಾಡುವವರು ಧೋಂಡಿಬಾ ಮತ್ತು ಜೋತಿರಾವ್. ಅಲ್ಲಿ ಯಾರೂ ಮಂಡಿಯೂರಿಲ್ಲ. ಸುಮಾರು ನೂರು ವರ್ಷಗಳ ತರುವಾಯ, 1972ರಲ್ಲಿ, ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಮೆರಿಕದ ಕರಿಯರ ಸಂಘಟನೆಯಿಂದ ಪಡೆದಾಗ ಈ ಸಂಬಂಧ ಮತ್ತೊಂದು ರೂಪ ತಾಳಿತು.

ಕನ್ನಡದಲ್ಲಿ ಈ ಪಾಠ ಹೇಳುವಾಗ ಪದಗಳ ಎಚ್ಚರವೂ ಅಗತ್ಯ. ‘ಗುಲಾಮ’ ಅರಬ್ಬೀ ಮೂಲದ್ದು. ‘ಜೀತ’ ಜೀವಿತದ ತದ್ಭವವಾಗಿ, ಹಿಂದೆ ಸಂಬಳವೆಂಬ ಅರ್ಥದಲ್ಲಿದ್ದ ಮಾತು. 1976ರಲ್ಲಿ ಕಾಯಿದೆಯ ಮೂಲಕ ರದ್ದಾದ ಸಾಲದ ದುಡಿಮೆಗೆ ಅದೇ ಹೆಸರಾಯಿತು. ‘ತೊತ್ತು’ ಬೈಗುಳವಾಗಿ ಉಳಿಯಿತು. ‘ದಾಸ’ ಪದಕ್ಕಂತೂ ಹರಿದಾಸ ಪರಂಪರೆ ಗೌರವ ತಂದಿತು. ವಚನಕಾರರಿಗೂ ಹರಿದಾಸರಿಗೂ ಸೇವಕತನವು ತಾವೇ ಬಯಸಿ ಪಡೆದ ಪದವಿ. ಈ ಸಂಸ್ಕಾರದ ಕಣ್ಣಿಗೆ ವೆಜ್‌ವುಡ್ ಪದಕದ ಆಕೃತಿ ಭಕ್ತನಂತೆ ಕಾಣುವ ಅಪಾಯವಿದೆ. ‘ದಾಸ’ ಎಂದು ಅನುವಾದಿಸಿದೊಡನೆ ಸರಪಳಿ ಹಿಂದೆ ಸರಿದು ಮಂಡಿ ಮಾತ್ರ ಉಳಿಯುತ್ತದೆ. ಆದುದರಿಂದ ಭಾಷಾಂತರವೂ ಆಕರ ವಿಮರ್ಶೆಯ ಒಂದು ಅಂಗವೆಂದೇ ನಾವು ಭಾವಿಸುತ್ತೇವೆ.

6

ಇಷ್ಟೆಲ್ಲ ವಿಮರ್ಶೆಯಿಂದ ಚಳವಳಿಯ ಘನತೆ ಕುಗ್ಗುವುದಿಲ್ಲವೆ ಎಂಬ ಆಕ್ಷೇಪ ಬರಬಹುದು. 1833ರ ಕಾಯಿದೆಯಡಿ ಎರಡು ಕೋಟಿ ಪೌಂಡುಗಳ ಪರಿಹಾರ ಮಂಜೂರಾದದ್ದು ಒಡೆಯರಿಗೆ. ದುಡಿದವರಿಗೆ ಬಿಡಿಗಾಸೂ ಸಲ್ಲಲಿಲ್ಲ. ಕೇಳುವವನು ಮತ್ತು ಕೊಡುವವನು ಎಂದು ಜಗತ್ತನ್ನು ವಿಂಗಡಿಸಿದ ಚಿತ್ರಗಳನ್ನು ಅರ್ಧ ಶತಮಾನ ಕಾಲ ನೋಡಿದ ಸಮಾಜಕ್ಕೆ ಅದು ವಿಚಿತ್ರವೆನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಚಿತ್ರವೊಂದೇ ಅದಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ. ಸದುದ್ದೇಶದ ಮಾಧ್ಯಮವೂ ತನ್ನೊಳಗೆ ಒಂದು ಅಧಿಕಾರ ಸಂಬಂಧವನ್ನು ಹೊತ್ತಿರುತ್ತದೆ, ಅದರ ಪರಿಣಾಮ ಕಾನೂನಿನವರೆಗೂ ಚಾಚಿಕೊಳ್ಳಬಲ್ಲದು ಎಂಬುದಷ್ಟೇ ನಮ್ಮ ನಿಲುವು.

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಸಂಶೋಧಕರಿಗೆ ಮರಾಠಿ, ತಮಿಳು, ತೆಲುಗು, ಉರ್ದು ಆಕರಗಳು ಕೈಯಳತೆಯಲ್ಲಿವೆ. ಫುಲೆಯವರ ಅರ್ಪಣೆಯಂಥ ಬರಹಗಳನ್ನು, ಜೀತವನ್ನು ಕುರಿತ ವರದಿಗಳನ್ನು, ಪತ್ರಿಕಾ ಚಿತ್ರಗಳನ್ನು ಈ ನಾಲ್ಕು ಪ್ರಶ್ನೆಗಳ ಬೆಳಕಿನಲ್ಲಿ ಒಟ್ಟಿಗೆ ಓದಿಸುವ ಪಠ್ಯಕ್ರಮ ರೂಪುಗೊಳ್ಳುವುದಾದರೆ, ಯಾರ ಬಿಡುಗಡೆಗಾಗಿ ಚಿತ್ರ ಬರೆಯಲಾಯಿತೋ ಅವರ ದನಿಯನ್ನು ಆ ಚಿತ್ರದ ಆಚೆಗೂ ಹುಡುಕುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಬೆಳೆದೀತು.