ಕಾಲೇಜಿನಿಂದ ಸೇನೆಗೆ

ಭಾರತದ ಭೂಸೇನೆಯಲ್ಲಿ ಫೀಲ್ಡ್ ಮಾರ್ಷಲ್ ಪದವಿಗೇರಿದವರು ಇಬ್ಬರೇ: ಸ್ಯಾಮ್ ಮಾಣೆಕ್ ಷಾ (1973) ಮತ್ತು ಕೊಡಗಿನ ಕೆ.ಎಂ. ಕಾರ್ಯಪ್ಪ (1986). ಕೆಡೆಟ್ ಸಮವಸ್ತ್ರ ತೊಡುವ ಮುನ್ನ ಇಬ್ಬರೂ ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದರು. ಸೇನೆಯ ಬಾಗಿಲು ಭಾರತೀಯರಿಗೆ ನಿಧಾನವಾಗಿ ತೆರೆದುಕೊಂಡ ಬಗೆಯಲ್ಲಿ ಇದಕ್ಕೆ ಕಾರಣವಿದೆ.

ಮೊದಲನೆಯ ಮಹಾಯುದ್ಧದವರೆಗೆ ಭಾರತೀಯ ಸೈನಿಕ ಏರಬಹುದಾಗಿದ್ದ ಎತ್ತರ ಸಾಮಾನ್ಯವಾಗಿ ಜಮಾದಾರ, ಸುಬೇದಾರ ಹುದ್ದೆಗಳಿಗೇ ಮುಗಿಯುತ್ತಿತ್ತು. ಯುದ್ಧದಲ್ಲಿ ಭಾರತೀಯರು ತೆತ್ತ ಬೆಲೆಯನ್ನು ಕಡೆಗಣಿಸಲಾಗದೆ ಬ್ರಿಟಿಷರು 1918ರಲ್ಲಿ ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ 10 ಸ್ಥಾನಗಳನ್ನು ಕೊಟ್ಟರು. ಇಂದೋರಿನ ಡೇಲಿ ಕಾಲೇಜಿನಲ್ಲಿ ಕೆಡೆಟ್ ತರಬೇತಿಯನ್ನೂ ಆರಂಭಿಸಿದರು. ಆ ಕೆಲಸಕ್ಕೆಂದೇ ಹುಡುಗರನ್ನು ಅಣಿಗೊಳಿಸುವ ಶಾಲೆ ಆಗ ಇನ್ನೂ ಇರಲಿಲ್ಲ. ಮಡಿಕೇರಿಯ ಶಾಲೆ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ಕಾರ್ಯಪ್ಪನವರು ಇಂದೋರಿಗೆ ಆಯ್ಕೆಯಾಗಿ 1919ರಲ್ಲಿ ಅಧಿಕಾರಿಯಾದರು.

1922ರಲ್ಲಿ ಡೆಹ್ರಾಡೂನಿನಲ್ಲಿ ಮಿಲಿಟರಿ ಶಾಲೆ ಆರಂಭವಾದಾಗ ಇನ್ನೊಂದು ದಾರಿ ತೆರೆಯಿತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಕಾಲೇಜಿನ ಮೆಟ್ಟಿಲೇರದೆ ಅಲ್ಲಿಂದ ನೇರ ಸ್ಯಾಂಡ್‌ಹರ್ಸ್ಟ್‌ಗೆ ಹೋದರು.

ಹಾಗೆಂದು ಹಳೆಯ ದಾರಿ ಮುಚ್ಚಲಿಲ್ಲ. ವೈದ್ಯರ ಮಗನಾದ ಮಾಣೆಕ್ ಷಾ ಅವರಿಗೆ ಲಂಡನ್ನಿನಲ್ಲಿ ವೈದ್ಯಕೀಯ ಓದುವ ಆಸೆಯಿತ್ತು. ತಂದೆ ಒಪ್ಪಲಿಲ್ಲ. ಅಮೃತಸರದ ಹಿಂದೂ ಸಭಾ ಕಾಲೇಜಿನಲ್ಲಿದ್ದಾಗ ಅವರು ಸೇನೆಯ ಪರೀಕ್ಷೆಗೆ ಕುಳಿತು, 1932ರಲ್ಲಿ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಮೊದಲ ತಂಡ ಸೇರಿದರು. ವಾಯುಪಡೆಯ ಮಾರ್ಷಲ್ ಅರ್ಜನ್ ಸಿಂಗ್ ಕೂಡ ಲಾಹೋರಿನ ಸರ್ಕಾರಿ ಕಾಲೇಜಿನಿಂದಲೇ 1938ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್‌ಗೆ ಹೋದವರು.

ಸ್ವಾತಂತ್ರ್ಯಾನಂತರವೂ ಎರಡು ದಾರಿಗಳು ಉಳಿದವು. ಹನ್ನೆರಡನೆಯ ತರಗತಿ ಮುಗಿಸಿದವರು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ 3 ವರ್ಷ, ಭೂಸೇನೆಗಾದರೆ ಡೆಹ್ರಾಡೂನಿನಲ್ಲಿ ಮತ್ತೆ 1 ವರ್ಷ ಕಳೆಯುತ್ತಾರೆ. ಪದವೀಧರರು ಲೋಕಸೇವಾ ಆಯೋಗದ ಪರೀಕ್ಷೆ ಬರೆದು ನೇರವಾಗಿ ಡೆಹ್ರಾಡೂನಿಗೆ ಬಂದರೆ ಒಂದೂವರೆ ವರ್ಷದ ತರಬೇತಿ ಸಾಕು.

ಚಿಕ್ಕ ವಯಸ್ಸಿನಲ್ಲೇ ಸೇರಿದವರಲ್ಲಿ ಶಿಸ್ತು ಆಳವಾಗಿ ಬೇರೂರುತ್ತದೆ ಎಂಬ ವಾದವಿದೆ. ಸಮಾಜವನ್ನು ಕಂಡುಬಂದವರ ದೃಷ್ಟಿ ವಿಶಾಲವಾಗಿರುತ್ತದೆ ಎಂಬ ಮಾತೂ ಇದೆ. ಚರಿತ್ರೆ ಯಾವೊಂದು ಪಕ್ಷವನ್ನೂ ವಹಿಸುವುದಿಲ್ಲ: 1949ರಲ್ಲಿ ಕಾರ್ಯಪ್ಪ, 1957ರಲ್ಲಿ ತಿಮ್ಮಯ್ಯ, 1969ರಲ್ಲಿ ಮಾಣೆಕ್ ಷಾ ಸೇನೆಯ ಮುಖ್ಯಸ್ಥರಾದರು. ಆದರೆ ಎರಡನೆಯ ಬಾಗಿಲಿನ ಬೆಲೆ ಬೇರೆ. ಹದಿನೇಳರ ಹರೆಯದಲ್ಲಿ ಪರೀಕ್ಷೆಯ ಸುದ್ದಿಯೇ ತಲುಪದ ಹಳ್ಳಿಯ ಹುಡುಗನಿಗೆ, ತಾನು ಏನಾಗಬೇಕೆಂದು ಇನ್ನೂ ತಿಳಿಯದವನಿಗೆ, ಕಾಲೇಜಿನ ವರ್ಷಗಳು ಕಳೆದುಹೋದ ಕಾಲವಾಗುವುದಿಲ್ಲ. ಆ ಬಾಗಿಲು ಇಲ್ಲದಿದ್ದರೆ ನಮ್ಮ ಇಬ್ಬರು ಫೀಲ್ಡ್ ಮಾರ್ಷಲರೂ ಹೊರಗೇ ಉಳಿಯುತ್ತಿದ್ದರು.